ಮೇಲ್ಗಡೆಯ ಬೆಸುಗೆ

ಡಾಕ್ಟರಮ್ಮನಿಗೆ ಮೊದಲು ಅನುಮಾನ ಹುಟ್ಟಿಸಿದ್ದು ಹೊಸ ಪೇಂಟಿನ ವಾಸನೆ. ಶೆಡ್ಡಿನ ಶಟರ್ ಮೇಲೇರುತ್ತಿದ್ದಂತೆ ಅದು ಮೂಗಿಗೆ ರಪ್ಪನೆ ಬಡಿಯಿತು. ಆದರೆ ಕಾರಿನ ಹೊರಮೈ ಹಳೆಯದೇ. ಬಾಗಿಲುಗಳ ತುಂಬ ಕಲ್ಲೇಟಿನ ಗುರುತು, ಬಂಪರಿನ ಮೂಲೆಯಲ್ಲಿ ಮಾಸಿದ ಟೇಪು. ಹಾಗಾದರೆ ಪೇಂಟು ಬಳಿದದ್ದು ಎಲ್ಲಿಗೆ? ಬಗ್ಗಿ ಕಿಟಕಿಯಿಂದ ಇಣುಕಿದರು. ಒಳಗಿನ ಉಕ್ಕಿನ ಪೈಪುಗಳೆಲ್ಲ ಬೆಳ್ಳಗೆ ಮಿರಮಿರ ಮಿಂಚುತ್ತಿದ್ದವು.

"ಪೈಪಿಗೆ ಮಾತ್ರ ಯಾಕೆ ಬಣ್ಣ ಹೊಡೆಸಿದ್ದೀರಿ?"

"ಮಾರೋ ಗಾಡಿ ಅಲ್ವಾ ಮೇಡಂ, ಸ್ವಲ್ಪ ಚೆಂದ ಕಾಣ್ಲಿ ಅಂತ" ಎಂದ ಕಾರಿನ ಮಾಲೀಕ.

ಚೆಂದ ಕಾಣಬೇಕಿದ್ದರೆ ಮೊದಲು ಬಾಗಿಲಿಗೆ ಬಳಿಸುತ್ತಿದ್ದ. ಡಾಕ್ಟರಮ್ಮ ಹಾಗೆಂದುಕೊಂಡರು.

ಅವರು ಹಲ್ಲಿನ ಡಾಕ್ಟರು. ದಿನಾ ಎರಡು ಹೊತ್ತು ಹಲ್ಲುಜ್ಜುತ್ತೇವೆ ಎಂದು ಎದುರಿಗೇ ಸುಳ್ಳು ಹೇಳುವವರ ಬಾಯೊಳಗೆ ಇಣುಕಿ ಇಣುಕಿ, ಯಾರ ಮಾತನ್ನೂ ಒಂದೇ ಏಟಿಗೆ ನಂಬುವ ಅಭ್ಯಾಸ ಅವರಿಗೆ ತಪ್ಪಿಹೋಗಿತ್ತು. ತರಕಾರಿಯವನನ್ನು ನಂಬರು, ಗಡಿಯಾರವನ್ನು ನಂಬರು. ಹವಾಮಾನದವರನ್ನಂತೂ ಕೇಳುವುದೇ ಬೇಡ. "ನಿಮ್ಮಮ್ಮನಿಗೆ ಹುಳುಕು ಹುಡುಕೋದೇ ಕಸುಬು ಕಣೇ, ಮನೇಲೂ ಬಿಡಲ್ಲ" ಎಂದು ಗಂಡ ಮಗಳ ಮುಂದೆ ನಗುತ್ತಿದ್ದರು. ಈ ಹೊತ್ತೂ ಅವರು ಜೊತೆಗೆ ಬಂದಿರಲಿಲ್ಲ. "ನೀವಿಬ್ರೇ ಹೋಗಿ. ನಾನು ಬಂದ್ರೆ ಅವಳು ಹೇಳಿದ್ದಕ್ಕೂ ಹೂಂ ಅಂತೀನಿ, ನೀನು ಹೇಳಿದ್ದಕ್ಕೂ ಹೂಂ ಅಂತೀನಿ" ಎಂದು ಸೋಫಾದಲ್ಲೇ ಉಳಿದಿದ್ದರು.

ಮಗಳು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವಳು. ಹಗಲೆಲ್ಲ ಬೇರೆಯವರಿಗೆ ನಿಧಾನ, ನಿಧಾನ ಎಂದು ಹೇಳಿಹೇಳಿ, ಅವಳಿಗೆ ವೇಗದ ಹುಚ್ಚು ಹತ್ತಿತ್ತು. ಎರವಲು ಕಾರಿನಲ್ಲಿ ಒಂದೆರಡು ಸಣ್ಣ ರ‍್ಯಾಲಿಗಳಲ್ಲಿ ಓಡಿಸಿಯೂ ಇದ್ದಳು. ಮಣ್ಣುದಾರಿಯಲ್ಲಿ, ಕಾಡಂಚಿನಲ್ಲಿ, ಗಡಿಯಾರದ ವಿರುದ್ಧ ಓಡುವ ಓಟ ಅದು. ಈಗ ಸ್ವಂತದ್ದೊಂದು ಬೇಕು ಎಂದು, ರ‍್ಯಾಲಿಯವರೆಲ್ಲ ಧೂಳಣ್ಣ ಎಂದು ಕರೆಯುವ ಈ ಮನುಷ್ಯನ ಹಳೆಯ ಕಾರಿನ ಮೇಲೆ ಕಣ್ಣು ಹಾಕಿದ್ದಳು.

ಡಾಕ್ಟರಮ್ಮ ಬೇಡ ಎನ್ನಲಿಲ್ಲ. ಬೇಡ ಎಂದರೆ ಹಟ ಇನ್ನೂ ಗಟ್ಟಿಯಾಗುತ್ತದೆ ಎಂದು ಅವರಿಗೆ ಗೊತ್ತಿತ್ತು, ಆ ಹಟ ಬಂದದ್ದು ತಮ್ಮ ಕಡೆಯಿಂದಲೇ. ಕಾರು ಸರಿಯಿಲ್ಲ ಎಂದು ಕಂಡುಬಂದರೆ ಸಾಕು, ಮಾತು ಅಲ್ಲಿಗೇ ಮುಗಿಯುತ್ತದೆ. ಹಾಗೆಂದೇ ಊಟದ ಮೇಜಿನ ಮುಂದೆ ಮಗಳನ್ನು ಕೂರಿಸಿಕೊಂಡು, ಇಂಥ ಕಾರಿನಲ್ಲಿ ಏನೇನು ಕೆಟ್ಟಿರಬಹುದು ಎಂದು ಕೆದಕಿ ಕೆದಕಿ ಕೇಳಿದ್ದರು.

"ಎಂಜಿನ್ ಕೆಟ್ರೆ ಬದಲಾಯಿಸಬಹುದಮ್ಮ. ನೋಡಬೇಕಾದ್ದು ರೋಲ್ ಕೇಜ್" ಎಂದು ಮಗಳು ಕಾಗದದ ಮೇಲೆ ಗೆರೆ ಎಳೆದು ತೋರಿಸಿದ್ದಳು. ಕಾರು ಪಲ್ಟಿ ಹೊಡೆದಾಗ ಚಾವಣಿ ಕುಸಿದು ಒಳಗಿದ್ದವರ ತಲೆಯ ಮೇಲೆ ಬೀಳದಂತೆ ಕಾಯುವ ಪೈಪುಗಳ ಗೂಡು ಅದು. "ಪೈಪು ಎಷ್ಟೇ ಗಟ್ಟಿ ಇದ್ರೂ ಬೆಸುಗೆ ಬಿಟ್ರೆ ಮುಗೀತು. ಬೆಸುಗೆ ಪೈಪಿನ ಸುತ್ತ ಬಳೆ ಥರ ಪೂರ್ತಿ ಬಂದಿರಬೇಕು. ಒಂದೇ ಅಗಲ, ಸಣ್ಣ ಅಲೆ ಅಲೆ. ಸೂಜಿ ತೂತು ಇರಬಾರದು, ಅಂಚಲ್ಲಿ ಕಾಲುವೆ ಕೊರೆದಂಗೆ ಇರಬಾರದು. ಗ್ರೈಂಡರಲ್ಲಿ ನುಣ್ಣಗೆ ಉಜ್ಜಿಟ್ಟಿದ್ರಂತೂ ಏನೋ ಮುಚ್ಚಿದ್ದಾರೆ ಅಂತಾನೇ ಲೆಕ್ಕ."

"ಚಾವಣಿ ಹತ್ರ ಪೈಪು ತಗಡಿಗೆ ಅಂಟಿಕೊಂಡಂಗೇ ಇರುತ್ತಲ್ಲ. ಅಲ್ಲಿ ಮೇಲ್ಗಡೆ ಹೇಗೆ ನೋಡ್ತೀಯ?"

"ಬೆರಳು ತೂರಿಸಿ ಮುಟ್ಟಿ ನೋಡೋದು."

ಡಾಕ್ಟರಮ್ಮ ಹೂಂ ಎಂದಿದ್ದರು. ಹೊರಡುವ ಮುಂಚೆ ಕ್ಲಿನಿಕ್ಕಿನಿಂದ ಉದ್ದ ಹಿಡಿಯ ಪುಟ್ಟ ಕನ್ನಡಿಯೊಂದನ್ನು ಚೀಲಕ್ಕೆ ಹಾಕಿಕೊಂಡಿದ್ದರು, ಮಗಳಿಗೆ ಹೇಳದೆ.

ಮಗಳು ನೋಡಲು ಶುರು ಮಾಡಿದಳು. ಮೊದಲು ಪೈಪುಗಳ ಬುಡದಲ್ಲಿ ನೆಲಕ್ಕೆ ಕೂತ ತಗಡುಗಳು, ಆಮೇಲೆ ಸೀಟಿನ ಹಿಂದಿನ ದೊಡ್ಡ ಕಮಾನು, ಬಾಗಿಲಿಗೆ ಅಡ್ಡ ಬರುವ ಪೈಪುಗಳು. ಟಾರ್ಚು ಹಿಡಿದು, ಬೆರಳಾಡಿಸಿ, ಒಂದೊಂದು ಜಾಯಿಂಟನ್ನೂ ಸವರಿದಳು. ಬೆಸುಗೆಗಳು ನಿಜಕ್ಕೂ ಚೆನ್ನಾಗಿದ್ದವು. ಹೆಣಿಗೆ ಹಾಕಿದಂತೆ ಸಾಲಾಗಿ, ಒಂದರ ಮೇಲೊಂದು ಒರಗಿ. ನೋಡುತ್ತ ನೋಡುತ್ತ ಅವಳ ಮುಖ ಅರಳತೊಡಗಿತು. ಅದನ್ನು ಕಂಡ ಡಾಕ್ಟರಮ್ಮ ಕಾರಿನ ಮಾಲೀಕನ ಕಡೆ ತಿರುಗಿದರು.

"ಇಷ್ಟು ಒಳ್ಳೆ ಗಾಡೀನ ಮಾರ್ತಿರೋದು ಯಾಕೆ?" ಎಂದು ಧೂಳಣ್ಣನನ್ನು ಕೇಳಿದರು.

"ಮಂಡಿ ನೋವು ಮೇಡಂ. ಕ್ಲಚ್ ಒತ್ತೋಕಾಗಲ್ಲ."

ಅಷ್ಟರಲ್ಲಿ ಅವನ ಹೆಂಡತಿ ತಟ್ಟೆಯಲ್ಲಿ ಚಹಾ ಹಿಡಿದು ಬಂದಳು. ಗಟ್ಟಿಮುಟ್ಟು ಹೆಂಗಸು. ಕೂದಲನ್ನು ಪಿನ್ನು ಸಿಕ್ಕಿಸಿ ಮೇಲೆ ಕಟ್ಟಿದ್ದಳು. ಗಂಡ ಓಡಿಸುವಾಗ ಪಕ್ಕದ ಸೀಟಿನಲ್ಲಿ ಕೂತು ಮುಂದಿನ ತಿರುವು ಎಂಥದ್ದು ಎಂದು ಕೂಗಿ ಹೇಳುತ್ತಿದ್ದವಳು ಇವಳೇ ಎಂದು ಮಗಳು ದಾರಿಯಲ್ಲಿ ಹೇಳಿದ್ದಳು. ಡಾಕ್ಟರಮ್ಮ ಲೋಟ ತೆಗೆದುಕೊಳ್ಳುತ್ತ, ಏನೂ ಗೊತ್ತಿಲ್ಲದವರಂತೆ ಆಕೆಯನ್ನೂ ಅದೇ ಕೇಳಿದರು.

"ಮನೆ ಕಟ್ಟಿಸ್ತಿದ್ದೀವಲ್ಲ, ಅದಕ್ಕೆ" ಎಂದಳು ಆಕೆ.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆತ ನೋಟ ತಪ್ಪಿಸಿ ಚಹಾ ಊದತೊಡಗಿದ.

ಡಾಕ್ಟರಮ್ಮನ ಕಿವಿ ನೆಟ್ಟಗಾಯಿತು. "ಗಾಡಿ ಯಾವಾಗಾದ್ರೂ ಪಲ್ಟಿ ಹೊಡೆದಿದೆಯಾ?"

"ಇಲ್ಲ" ಎಂದರು ಇಬ್ಬರೂ ಒಟ್ಟಿಗೆ, ಕಂಠಪಾಠ ಒಪ್ಪಿಸಿದಂತೆ.

ಇದು ಪಲ್ಟಿ ಹೊಡೆದ ಗಾಡಿಯೇ, ಅನುಮಾನವೇ ಇಲ್ಲ ಎಂದು ಡಾಕ್ಟರಮ್ಮ ತೀರ್ಮಾನಿಸಿಬಿಟ್ಟರು. ಒಳಗೆ ಎಲ್ಲೋ ಬಿರುಕು ಬಿಟ್ಟಿದೆ, ಅದಕ್ಕೇ ಈ ಪೇಂಟು. ಲೋಟವನ್ನು ಕಟ್ಟೆಯ ಮೇಲಿಟ್ಟು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಅಡ್ಡ ಪೈಪನ್ನು ದಾಟಿ ಕಾರಿನೊಳಗೆ ತೂರಿದರು.

"ಅಮ್ಮಾ, ಏನ್ ಮಾಡ್ತಿದ್ದೀಯ? ನಾನು ಮೇಲ್ಗಡೆನೂ ಮುಟ್ಟಿ ನೋಡಿದೆ, ಸರಿ ಇದೆ."

"ನೀನು ಮುಟ್ಟಿದೆ. ನಾನು ನೋಡ್ತೀನಿ."

ಕನ್ನಡಿ ಹೊರಬಂದದ್ದು ಕಂಡು ಮಗಳು ತಲೆ ಚಚ್ಚಿಕೊಂಡಳು. ಧೂಳಣ್ಣ ನಕ್ಕ. "ಮೇಡಂ, ಗಾಡಿಗೆ ಹಲ್ಲಿಲ್ಲ!"

ಡಾಕ್ಟರಮ್ಮ ನಗಲಿಲ್ಲ. ಚಾವಣಿಗೂ ಪೈಪಿಗೂ ನಡುವೆ ಬೆರಳು ಕಷ್ಟಪಟ್ಟು ತೂರುವಷ್ಟೇ ಜಾಗವಿತ್ತು. ಮುಂದಿನ ಎಡಮೂಲೆ, ಪಕ್ಕದಲ್ಲಿ ಕೂರುವವರ ನೆತ್ತಿಯ ನೇರ ಮೇಲೆ, ಪೈಪುಗಳು ಕೂಡುವ ಕಡೆ ಕನ್ನಡಿ ತೂರಿಸಿ, ಇನ್ನೊಂದು ಕೈಯಲ್ಲಿ ಮೊಬೈಲಿನ ಬೆಳಕು ಹಿಡಿದರು. ಕೆಳಗಿನಿಂದ ಬಂದ ಚೆಂದದ ಬೆಸುಗೆ ಪೈಪಿನ ಪಕ್ಕಕ್ಕೆ ಏರಿ, ಅಲ್ಲಿಗೇ ನಿಂತುಹೋಗಿತ್ತು. ಮುಂದಕ್ಕೆ ಅಲೆಗಳಿಲ್ಲ. ದಪ್ಪನೆ ಬಿಳಿ ಪೇಂಟು, ಅದರ ಕೆಳಗೆ ಗೆರೆಯಂಥದ್ದೇನೋ. ನೆರಳೂ ಇರಬಹುದು. ಬೆಳಕನ್ನು ಆಚೀಚೆ ಸರಿಸಿದರು. ಗೆರೆ ಕದಲಲಿಲ್ಲ.

"ಇಲ್ಲಿ ಸ್ವಲ್ಪ ಪೇಂಟು ಕೆರೆದು ನೋಡಬೇಕು."

"ಕೆರೆಯೋದಾ? ಬೇಡ ಮೇಡಂ" ಎಂದ ಧೂಳಣ್ಣ ತಟ್ಟನೆ. ನಗು ಮಾಯವಾಗಿತ್ತು. "ಮೊನ್ನೆ ಮೊನ್ನೆ ಹೊಡೆದ ಪೇಂಟು. ಬರೋರೆಲ್ಲ ಕೆರೀತಾ ಕೂತ್ರೆ ಗಾಡಿ ಏನಾಗ್ಬೇಕು? ತಗೋತೀರಾದ್ರೆ ತಗೊಳ್ಳಿ, ಇಲ್ಲಾಂದ್ರೆ ಬಿಡಿ."

"ಅಮ್ಮ, ಸಾಕು ಬಾ" ಎಂದಳು ಮಗಳು, ನಾಚಿಕೆಯಿಂದ ಕೆಂಪಾಗಿ. "ನಿಂಗೆ ಏನಾದ್ರೂ ಒಂದು ಸಿಗಲೇಬೇಕು ಅಲ್ವಾ? ಸಿಗೋತನಕ ಬಿಡಲ್ಲ."

"ಸಿಕ್ಕಿದ್ದಕ್ಕೇ ಹೇಳ್ತಿರೋದು."

ಆಗ ಧೂಳಣ್ಣನ ಹೆಂಡತಿ ತಟ್ಟೆಯನ್ನು ಠಕ್ಕನೆ ಕಟ್ಟೆಯ ಮೇಲಿಟ್ಟಳು. "ನೋಡಿ ಡಾಕ್ಟ್ರೇ, ಇದನ್ನ ವೆಲ್ಡ್ ಮಾಡಿದ್ದು ನನ್ನ ಸ್ವಂತ ತಮ್ಮ. ನಾನು ಕೂರೋ ಗಾಡಿ ಅಂತ ಗೊತ್ತಿದ್ದೇ ಮಾಡಿದ್ದು. ಇಲ್ಲಿ ಕೂತು ನಾನು ಎಂಥೆಂಥ ಇಳಿಜಾರು ಇಳಿದಿದ್ದೀನಿ. ಕೊಡಿ ಇಲ್ಲಿ ಆ ಕನ್ನಡೀನ."

ಡಾಕ್ಟರಮ್ಮ ಇಳಿದು ಕನ್ನಡಿ ಕೊಟ್ಟರು. ಆಕೆ ಅಭ್ಯಾಸದಿಂದ ಒಂದೇ ಸಲಕ್ಕೆ ಜಾರಿ ತನ್ನ ಸೀಟಿನಲ್ಲಿ ಕೂತಳು. ಕತ್ತೆತ್ತಿ ಕನ್ನಡಿ ಹಿಡಿದಳು. ಮತ್ತೆ ಕನ್ನಡಿ ತಿರುಗಿಸಿದಳು. ಆಮೇಲೆ ತಲೆಗೆ ಕೈ ಹಾಕಿ ಪಿನ್ನೊಂದನ್ನು ಕಿತ್ತು, ಆ ಸಂದಿಗೆ ತೂರಿಸಿ ಪರಪರ ಕೆರೆದಳು. ಬಿಳಿ ಹೊಪ್ಪಳಿಕೆ ಆಕೆಯ ಹಣೆಯ ಮೇಲೆ ಉದುರಿತು.

"ಏನಾಯ್ತೇ?" ಎಂದ ಗಂಡ.

"ಪಿನ್ನು ಒಳಗೆ ಹೋಯ್ತು."

"ಎಲ್ಲಿ ಒಳಗೆ?"

"ಪೈಪಿನೊಳಗೆ. ಇಲ್ಲಿ ಬೆಸುಗೆನೇ ಇಲ್ಲ."

ಆ ಪಿನ್ನನ್ನು ಅಲ್ಲೇ ಬಿಟ್ಟು, ಇನ್ನೊಂದನ್ನು ಕಿತ್ತು, ಆಕೆ ಬಲಮೂಲೆಗೆ ವಾಲಿ ಅಲ್ಲಿಯೂ ಕೆರೆದಳು. ಹಿಂದಕ್ಕೆ ತಿರುಗಿ ಕಮಾನಿನ ತುದಿಯಲ್ಲೂ ಕೆರೆದಳು. ಎಲ್ಲ ಕಡೆ ಒಂದೇ ಕಥೆ. ಕಣ್ಣಿಗೆ ಬೀಳುವಷ್ಟು ಭಾಗಕ್ಕೆ ಹೂವಿನಂಥ ಬೆಸುಗೆ, ಮೇಲ್ಗಡೆ ಪುಟ್ಟಿ ತುಂಬಿ ಬಳಿದ ಪೇಂಟು. ಮಗಳ ಬೆರಳಿಗೆ ಬೆಸುಗೆಯಂತೆ ತಾಕಿದ ಉಬ್ಬು ಅದೇ ಪುಟ್ಟಿ.

ಡಾಕ್ಟರಮ್ಮ ಗಂಡ ಹೆಂಡತಿಯರ ಮುಖಗಳನ್ನೇ ನೋಡುತ್ತ ನಿಂತರು. ಇದೂ ನಾಟಕವೇ? ನೋವಿಲ್ಲದೆ ನರಳುವವರನ್ನೂ ನೋವು ನುಂಗಿ ನಗುವವರನ್ನೂ ಅವರು ಸಾಕಷ್ಟು ಕಂಡಿದ್ದರು. ಹೆಂಗಸಿನ ತುಟಿ ಬಿಳಿಚಿಕೊಂಡಿತ್ತು, ಅದು ಬೇಕೆಂದರೂ ಬರುವಂಥದ್ದಲ್ಲ. ಗಂಡಸಿನ ಮೇಲೆ ಮಾತ್ರ ಅನುಮಾನ ಇನ್ನೂ ಹೋಗಲಿಲ್ಲ.

"ಪೇಂಟು ಹೊಡೆದೋರು ಯಾರು?" ಎಂದು ಆತನನ್ನೇ ಕೇಳಿದರು.

ಧೂಳಣ್ಣ ಕೆರೆದ ಮೂಲೆಯನ್ನೇ ನೋಡುತ್ತಿದ್ದ. "ಅವನೇ. ಭಾಮೈದ. ಗಾಡಿ ಮಾರ್ತೀನಿ ಅಂದ ಕೂಡ್ಲೇ ಬಂದ. ನೀವು ಸುಮ್ನಿರಿ ಭಾವ, ಕೇಜಿಗೆ ನಾನೇ ಪೇಂಟ್ ಹೊಡ್ಕೊಡ್ತೀನಿ ಅಂದ. ಎಷ್ಟು ಒಳ್ಳೆಯವನು ಅಂತ ನಾನು..." ಮಾತು ಅಲ್ಲಿಗೇ ನಿಂತಿತು.

ತಮ್ಮನ ವರ್ಕ್‌ಶಾಪು ಅದೇ ರಸ್ತೆಯ ತಿರುವಿನಲ್ಲಿತ್ತು. ಅಕ್ಕ ಫೋನಿನಲ್ಲಿ "ಬಾ" ಎಂದಷ್ಟೇ ಹೇಳಿದಳು. ಅವನು ಬೆಸುಗೆಯ ಕಪ್ಪು ಕನ್ನಡಕವನ್ನು ಹಣೆಗೇರಿಸಿಕೊಂಡೇ ಸ್ಕೂಟರಿನಲ್ಲಿ ಬಂದ. ದುಂಡು ಮುಖ, ಬಾಯಿ ತುಂಬ ನಗು. ಗಿರಾಕಿಗಳನ್ನು ಕಂಡು ಇಬ್ಬರಿಗೂ ನಮಸ್ಕಾರ ಮಾಡಿದ.

"ಏನಕ್ಕ, ಗಾಡಿ ಹೋಯ್ತಾ?"

"ಕೂತ್ಕೊ. ನನ್ನ ಸೀಟಲ್ಲಿ."

"ಯಾಕೆ, ನನ್ನನ್ನೂ ಸೇರಿಸಿ ಮಾರ್ತೀಯಾ?" ಎಂದು ನಗುತ್ತಲೇ ಕೂತ. ಆಕೆ ಬಾಗಿ ಹೆಗಲ ಪಟ್ಟಿಗಳನ್ನು ಎಳೆದು, ಸೊಂಟದ ಪಟ್ಟಿ ಹಾಕಿ, ಉಸಿರು ಹಿಡಿಯುವಂತೆ ಬಿಗಿದಳು. ಚಿಕ್ಕಂದಿನಲ್ಲಿ ಅವನ ಅಂಗಿಯ ಗುಂಡಿ ಹಾಕಿದ ಕೈಗಳೇ ಇರಬೇಕು ಅವು. ಅವನು ಮಗುವಿನಂತೆ ಕೈ ಎತ್ತಿ ಕೊಟ್ಟ.

"ಈಗ ನಿಮ್ಮ ಭಾವ ಗಾಡಿ ತೆಗೀತಾರೆ. ಕ್ವಾರಿ ಹಿಂದಿನ ಇಳಿಜಾರಿಗೆ ಹೋಗ್ತಾರೆ. ಅಲ್ಲಿ ಒಂದು ಸಲ ಪಲ್ಟಿ ಹೊಡೆಸ್ರಿ ಅಂತ ಹೇಳಿದ್ದೀನಿ. ನೀನು ಹೀಗೇ ಕೂತಿರು."

ಅವನು ನಕ್ಕ. ಬೇರೆ ಯಾರೂ ನಗಲಿಲ್ಲ. ಆಗ ತಲೆ ಎತ್ತಿದವನಿಗೆ ಕೆರೆದ ಮೂಲೆ ಕಂಡಿತು, ಅಲ್ಲಿಂದ ಇಣುಕುತ್ತಿದ್ದ ಪಿನ್ನೂ ಕಂಡಿತು.

"ಹೋಗಣ್ವಾ?" ಎಂದಳು ಅಕ್ಕ.

"ಬೇಡ ಅಕ್ಕ."

"ಯಾಕೆ? ಗಟ್ಟಿ ಕೇಜು. ನೀನೇ ಮಾಡಿದ್ದು."

"ಬೇಡ. ಮೇಲ್ಗಡೆ... ಮೇಲ್ಗಡೆ ಹಾಕಿಲ್ಲ ಅಕ್ಕ."

ಅವನೇ ಮುಂದುವರಿಸಿದ, ಯಾರ ಮುಖವನ್ನೂ ನೋಡದೆ. "ಚಾವಣಿ ಅಡ್ಡ ಬರುತ್ತೆ. ಕೈ ಹೋಗಲ್ಲ. ಸರಿಯಾಗಿ ಮಾಡ್ಬೇಕಂದ್ರೆ ಗಾಡಿ ನೆಲದಲ್ಲಿ ತೂತು ಕೊರೆದು, ಇಡೀ ಕೇಜನ್ನ ಕೆಳಗಿಳಿಸಿ, ಮೇಲ್ಗಡೆ ಬೆಸುಗೆ ಹಾಕಿ, ಆಮೇಲೆ ಎತ್ತಿ ಕೂರಿಸ್ಬೇಕು. ಭಾವ ಆಗ ಒಂದು ರ‍್ಯಾಲಿಗೆ ಗಾಡಿ ಬೇಕೇ ಬೇಕು ಅಂತ ತಲೆ ತಿಂತಿದ್ರು. ಅದೊಂದು ಮುಗೀಲಿ, ಆಮೇಲೆ ಮಾಡಣ ಅಂದ್ಕೊಂಡೆ. ಓಟಕ್ಕೆ ಮುಂಚೆ ಗಾಡಿ ಚೆಕ್ ಮಾಡೋರೂ ನೋಡಿ ಪಾಸ್ ಮಾಡಿದ್ರು. ಒಂದು ಸಲ ಪಾಸಾದ ಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ."

"ನಾನು ಕೂರ್ತಿದ್ದೆ ಕಣೋ ಅಲ್ಲಿ."

"ನೀನು ಪ್ರತಿ ಸಲ ವಾಪಸ್ ಬರೋತನಕ ನನ್ನ ಗಂಟಲಲ್ಲಿ ನೀರಿಳೀತಿರ್ಲಿಲ್ಲ ಅಕ್ಕ."

"ನಿನ್ನ ಗಂಟಲು ಕಟ್ಕೊಂಡು ನಾನೇನ್ ಮಾಡ್ಲಿ? ಹೇಳಬಹುದಿತ್ತಲ್ಲ. ಇರಲಿ, ನಾನು ಹೆಂಗೋ ಬದುಕಿ ಬಂದೆ." ಆಕೆ ಮಗಳ ಕಡೆ ಕೈ ತೋರಿಸಿದಳು. "ಈಗ ಈ ಹುಡುಗಿ ಕೂರೋಳು. ಇನ್ನೊಬ್ರು ಕೂರ್ತಾರೆ ಅಂತ ಗೊತ್ತಿದ್ದೂ ಪುಟ್ಟಿ ತುಂಬಿ ಪೇಂಟ್ ಹೊಡೆದ್ಯಲ್ಲ."

ಪಟ್ಟಿ ಬಿಚ್ಚಿಕೊಳ್ಳುವುದು ಅವನ ಕೈಯಲ್ಲೇ ಇತ್ತು. ಆದರೂ ಬಿಚ್ಚದೆ, ಕಟ್ಟಿಹಾಕಿದವನಂತೆ ಹಾಗೇ ಕೂತಿದ್ದ. ಅಕ್ಕ ಲೋಟಗಳನ್ನು ಒಂದೊಂದಾಗಿ ತಟ್ಟೆಗೆ ಜೋಡಿಸಿ ಒಳಗೆ ಹೋದಳು.

ಶೆಡ್ಡಿನ ಹೊರಗೆ ಧೂಳಣ್ಣ ಡಾಕ್ಟರಮ್ಮನ ಹತ್ತಿರ ಬಂದು ನಿಂತ. "ದೇವರಾಣೆ ನನಗೆ ಗೊತ್ತಿರ್ಲಿಲ್ಲ ಮೇಡಂ."

"ಹಾಗಾದ್ರೆ ಮಂಡಿನೋವು ಒಬ್ರು, ಮನೆ ಕಟ್ಟೋದು ಒಬ್ರು, ಯಾಕೆ ಹೇಳಿದ್ರಿ?"

ಆತ ತಲೆ ಕೆರೆದುಕೊಂಡ. "ಅವಳು ನನ್ನ ಪಕ್ಕ ಇನ್ಮೇಲೆ ಕೂರಲ್ಲ ಅಂದ್ಲು. ನಾನು ಅವಳ ಮಾತು ಕೇಳಲ್ಲವಂತೆ. ಎಡ ಅಂದ್ರೂ ನನಗೆ ಬೇಕಾದಾಗಲೇ ತಿರುಗಿಸ್ತೀನಂತೆ. ಬೇರೆಯೋರನ್ನ ಕೂರಿಸ್ಕೊಂಡು ಓಡ್ಸೋಕೆ ನನಗೆ ಮನಸ್ಸಿಲ್ಲ. ಇದನ್ನ ಊರಿಗೆಲ್ಲ ಹೇಳ್ಕೊಂಡು ತಿರುಗೋದಾ? ಏನೋ ಒಂದು ಹೇಳಿದ್ವಿ. ಇಬ್ರೂ ಕೂಡಿ ಒಂದೇ ಸುಳ್ಳು ಹೇಳೋಣ ಅನ್ನೋದು ತೋಚ್ಲಿಲ್ಲ."

ಡಾಕ್ಟರಮ್ಮನಿಗೆ ಅದು ನಿಜ ಅನ್ನಿಸಿತು. ಅಷ್ಟು ಪೆದ್ದು ಮಾತನ್ನು ಯಾರೂ ಕಟ್ಟಿ ಹೇಳುವುದಿಲ್ಲ.

ಮನೆಗೆ ಮರಳುವಾಗ ಕಾರು ಓಡಿಸಿದ್ದು ಮಗಳೇ. ಸಿಗ್ನಲ್ಲುಗಳಲ್ಲಿ ನಿಂತು, ಹೊರಟು, ದಾರಿಯನ್ನೇ ನೋಡುತ್ತಿದ್ದಳು. ಡಾಕ್ಟರಮ್ಮನಿಗೆ ಬೇಕಾದದ್ದು ಸಿಕ್ಕಿತ್ತು. ಆದರೂ ಗೆದ್ದ ಖುಷಿ ಎಲ್ಲಿಯೂ ಕಾಣಲಿಲ್ಲ. ಆ ಬಿಳಿ ಹೊಪ್ಪಳಿಕೆ ಉದುರಿದ ಹಣೆಯೇ ಕಣ್ಣ ಮುಂದೆ ಬರುತ್ತಿತ್ತು, ನೋಡನೋಡುತ್ತ ಅದು ಮಗಳ ಹಣೆಯಾಗುತ್ತಿತ್ತು.

"ಖುಷಿನಾ ಈಗ?" ಎಂದಳು ಮಗಳು ಕೊನೆಗೆ.

"ಇಲ್ಲ."

"ಸುಳ್ಳು ಹೇಳಬೇಡ. ಹುಡುಕೋಕೇ ಬಂದಿದ್ದೆ ನೀನು."

"ಹೌದು, ಹುಡುಕೋಕೇ ಬಂದಿದ್ದೆ. ಸಿಗದೇ ಇದ್ರೆ ಚೆನ್ನಾಗಿತ್ತು ಅಂತ ಈಗ ಅನ್ನಿಸ್ತಿದೆ."

ಮಗಳು ಗೇರು ಬದಲಿಸಿದಳು. ಮನೆಯ ಗೇಟಿನ ಹತ್ತಿರ ಕಾರು ನಿಲ್ಲಿಸಿದ ಮೇಲೂ ಇಳಿಯಲಿಲ್ಲ. "ನಾನು ಮುಟ್ಟಿ ನೋಡಿ ಸರಿ ಇದೆ ಅಂದೆ ಅಲ್ವಾ ಅಮ್ಮ? ನೀನು ಬರದೇ ಇದ್ದಿದ್ರೆ ತಗೊಂಡೇಬಿಡ್ತಿದ್ದೆ" ಎಂದಳು.

ಮಾತು ಅಲ್ಲಿಗೇ ಮುಗಿಯುತ್ತದೆ ಎಂದುಕೊಂಡಿದ್ದರು ಡಾಕ್ಟರಮ್ಮ. ಮುಗಿಯಲಿಲ್ಲ. ಒಂದು ದಿನ ಧೂಳಣ್ಣನ ಹೆಂಡತಿಯೇ ಕ್ಲಿನಿಕ್ಕಿಗೆ ಫೋನು ಮಾಡಿದಳು. ಹಳೆಯ ಕೇಜನ್ನು ಕತ್ತರಿಸಿ ಗುಜರಿಗೆ ಹಾಕಿದ್ದಾಗಿತ್ತು. ಬೇರೆ ಊರಿನ ಒಬ್ಬ ವೆಲ್ಡರ್ ಹೊಸದು ಕಟ್ಟುತ್ತಿದ್ದ. ತಮ್ಮ ತಾನೇ ಮಾಡಿಕೊಡುತ್ತೇನೆ ಎಂದು ಬಾಗಿಲಿಗೆ ಬಂದು ನಿಂತಿದ್ದನಂತೆ. ಆಕೆ ಒಳಗೆ ಕರೆದಿರಲಿಲ್ಲ. "ಬಂದು ನೋಡಿ ಡಾಕ್ಟ್ರೇ. ಗಾಡಿ ನಿಮ್ಮ ಮಗಳಿಗೇ ಅಂತ ಇಟ್ಟಿದ್ದೀವಿ. ನೀವು ನೋಡಿ ಹೂಂ ಅಂದ್ರೆ ಮಾತ್ರ ನನಗೆ ನಂಬಿಕೆ."

ಡಾಕ್ಟರಮ್ಮ ಕ್ಲಿನಿಕ್ಕು ಮುಚ್ಚಿ, ಮಗಳನ್ನು ಕರೆದುಕೊಂಡು ಹೋದರು. ಕಾರಿನ ನೆಲದಲ್ಲಿ ತೂತುಗಳನ್ನು ಕೊರೆದು, ಕೇಜಿನ ಕಾಲುಗಳನ್ನು ಅವುಗಳಲ್ಲಿ ಇಳಿಬಿಟ್ಟಿದ್ದರು. ಚಾವಣಿಗೂ ಪೈಪಿಗೂ ನಡುವೆ ಈಗ ಕೈ ಆಡುವಷ್ಟು ಜಾಗ. ಪೇಂಟಿಲ್ಲದ ಬೂದು ಉಕ್ಕಿನ ಮೇಲೆ ಬೆಸುಗೆ ಬಳೆಯಂತೆ ಸುತ್ತ ಬಂದಿತ್ತು. ಡಾಕ್ಟರಮ್ಮ ಒಂದೊಂದನ್ನೂ ನೋಡಿದರು. ಮತ್ತೆ ಮೊದಲಿನಿಂದ ನೋಡಿದರು. ಏನೂ ಸಿಗಲಿಲ್ಲ. ಹೂಂ ಎನ್ನುವ ಮುಂಚೆ ಸ್ವಲ್ಪ ಹೊತ್ತು ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಒಂದು ಮಾತು" ಎಂದಳು ಧೂಳಣ್ಣನ ಹೆಂಡತಿ ಮಗಳಿಗೆ. "ಗಾಡಿ ನಿಂದು. ಪಕ್ಕದ ಸೀಟು ಸದ್ಯಕ್ಕೆ ನಂದು. ಎಡ ಅಂದ್ರೆ ಎಡ. ಆಗುತ್ತಾ?"

ಮಗಳು ಅಮ್ಮನ ಮುಖ ನೋಡಿದಳು, ಆಮೇಲೆ ಆಕೆಯ ಮುಖ. "ಆಗುತ್ತೆ ಆಂಟಿ."

ಮೊದಲ ರ‍್ಯಾಲಿಯ ದಿನ ಡಾಕ್ಟರಮ್ಮನೂ ಧೂಳಣ್ಣನೂ ಮಣ್ಣುದಾರಿಯ ಪಕ್ಕದ ದಿಬ್ಬದ ಮೇಲೆ, ಕಟ್ಟಿದ ಹಗ್ಗದ ಈಚೆ ನಿಂತಿದ್ದರು. ಇಬ್ಬರಿಗೂ ಮಾಡಲು ಕೆಲಸವಿರಲಿಲ್ಲ. ಆತ ಕೂತು ಎದ್ದು, ಎದ್ದು ಕೂತು ಮಾಡುತ್ತಿದ್ದ. ಡಾಕ್ಟರಮ್ಮ ತಿರುವಿನಲ್ಲಿದ್ದ ಕಲ್ಲನ್ನು ನೋಡಿದರು, ಅದರಾಚೆಯ ಹಳ್ಳವನ್ನು ನೋಡಿದರು, ಬಾವುಟ ಹಿಡಿದು ಆಕಳಿಸುತ್ತಿದ್ದವನನ್ನು ನೋಡಿದರು. ಯಾವುದರ ಮೇಲೂ ಅವರಿಗೆ ನಂಬಿಕೆ ಬರಲಿಲ್ಲ. ಜನರ ಹಿಂದೆ, ಮರದ ಬುಡದಲ್ಲಿ ಒಂದು ದುಂಡು ಮುಖ ಕಂಡಿತು. ಹಣೆಯ ಮೇಲೆ ಕಪ್ಪು ಕನ್ನಡಕವಿರಲಿಲ್ಲ, ನಗುವೂ ಇರಲಿಲ್ಲ.

"ನಿಮ್ಮ ಭಾಮೈದ" ಎಂದರು ಡಾಕ್ಟರಮ್ಮ ಮೆಲ್ಲಗೆ.

"ನೋಡಿದೆ. ಅವಳಿಗೆ ಹೇಳ್ಬೇಡಿ" ಎಂದ ಧೂಳಣ್ಣ. ಸ್ವಲ್ಪ ತಡೆದು, "ಯಾವತ್ತಾದ್ರೂ ನಾನೇ ಹೇಳ್ತೀನಿ" ಎಂದ.

ದೂರದಲ್ಲಿ ಎಂಜಿನ್ ಕಿರುಚಿತು. ಕಾರು ತಿರುವಿಗೆ ಬಂತು, ಹಿಂದಿನ ಚಕ್ರಗಳು ಕಲ್ಲಿನ ಕಡೆ ಜಾರಿದವು. ಡಾಕ್ಟರಮ್ಮ ಧೂಳಣ್ಣನ ತೋಳನ್ನು ಗಟ್ಟಿಯಾಗಿ ಹಿಡಿದರು. ಕಾರು ನೆಟ್ಟಗಾಯಿತು, ಧೂಳೆಬ್ಬಿಸಿ ಹಾದುಹೋಯಿತು. ಮುಖಗಳು ಕಾಣಲಿಲ್ಲ, ಎರಡು ಹೆಲ್ಮೆಟ್ಟುಗಳಷ್ಟೇ. ಧೂಳು ಇಳಿದಾಗ ಮರದ ಬುಡದಲ್ಲಿ ಯಾರೂ ಇರಲಿಲ್ಲ.

ಅಂದು ಅವರು ಮುಗಿಸಿದ್ದು ಕೊನೆಯ ಕೆಲವರ ಸಾಲಿನಲ್ಲಿ. ಮುಗಿತಾಯದ ಬಯಲಿನಲ್ಲಿ ಕಾರು ನಿಂತು ಬಾಗಿಲು ತೆರೆಯುವ ಮುಂಚೆಯೇ ಒಳಗಿನ ಜಗಳ ಹೊರಗೆ ಕೇಳಿಸುತ್ತಿತ್ತು.

"ಎಡ ಅಂತ ತಡವಾಗಿ ಹೇಳಿದ್ರಿ ಆಂಟಿ!"

"ಹೇಳಿದ್ದು ಸರಿಯಾಗೇ ಇತ್ತು. ನೀನು ಬ್ರೇಕು ಹಾಕಿದ್ದು ತಡ."

ಮಗಳು ಹೆಲ್ಮೆಟ್ ತೆಗೆದಳು. ಹಲ್ಲುಗಳನ್ನು ಬಿಟ್ಟರೆ ಮುಖವೆಲ್ಲ ಧೂಳು. ಅಮ್ಮನನ್ನು ಕಂಡು ಕೈ ಬೀಸಿ, ಮತ್ತೆ ಒಳಕ್ಕೆ ಬಾಗಿ ವಾದ ಮುಂದುವರಿಸಿದಳು. ಡಾಕ್ಟರಮ್ಮ ನೀರಿನ ಬಾಟಲಿ ಹಿಡಿದು ಅವರಿಬ್ಬರ ಕಡೆ ನಡೆದರು.